ನಮ್ಮ ಪಟ್ಟಣಗಳು ಏಳುವುದೆಂದು? – ಸರ್ ಮಿರ್ಜಾ ಇಸ್ಮಾಯಿಲ್ ಬಿಟ್ಟು ಹೋದ ಪಾಠ



ಸುಗ್ಗಿ ಮುಗಿದ ಮೇಲೆ ಒಂದು ದಿನ ಬೆಳಗಿನ ಜಾವ ಇರಕಲ್ಲಗಡದಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿ. ಚೀಲದಲ್ಲಿ ಜೋಳದ ಹಿಟ್ಟು, ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಹಗ್ಗ ಬಿಗಿದ ಹಾಸಿಗೆ, ಕಂಕುಳಲ್ಲಿ ಕೂಸು. ಹೀಗೆ ನಿಂತ ಕುಟುಂಬಗಳನ್ನು ಎಲ್ಲಿಗೆ ಎಂದು ಕೇಳಿದರೆ ಒಬ್ಬರು ಬೆಂಗಳೂರು ಅನ್ನುತ್ತಾರೆ, ಮತ್ತೊಬ್ಬರು ಮಂಗಳೂರು, ಇನ್ನೊಬ್ಬರು ಗೋವಾ. 'ದುಡಿಯಾಕ ಹೊಂಟೀವ್ರಿ' ಎಂಬ ಒಂದೇ ಮಾತಿನಲ್ಲಿ ಅವರ ಕಥೆ ಮುಗಿಯುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ಅಪ್ಪ ಅಮ್ಮನ ಜೊತೆ ಮಕ್ಕಳೂ ಹೊರಟುಬಿಟ್ಟರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಬೀಳುತ್ತದೆ. ಯುಗಾದಿಗೋ, ರಂಜಾನ್ ಹಬ್ಬಕ್ಕೋ ಮರಳಿ ಬಂದಾಗ ಆ ಮಕ್ಕಳು ಹಳೆಯ ಪಾಠವನ್ನೂ ಮರೆತಿರುತ್ತಾರೆ.

ಬೆಂಗಳೂರಿನ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ನಮ್ಮ ಹೋಬಳಿಯವರೂ ಇದ್ದಾರೆ. ಹಾಗಾದರೆ ಅದೇ ಕೈಗಳಿಗೆ ಕೊಪ್ಪಳದಲ್ಲಿ, ಗಂಗಾವತಿಯಲ್ಲಿ, ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ ಕೆಲಸ ಏಕೆ ಇಲ್ಲ? ಈ ಪ್ರಶ್ನೆಗೆ 'ಮಳೆ ಇಲ್ಲ' ಎಂಬುದು ಅರ್ಧ ಉತ್ತರ ಮಾತ್ರ. ಉಳಿದ ಅರ್ಧ ಉತ್ತರ ಇತಿಹಾಸದಲ್ಲಿದೆ. ಒಂದು ರಾಜ್ಯ ತನ್ನ ಪಟ್ಟಣಗಳನ್ನು ಹೇಗೆ ಬೆಳೆಸುತ್ತದೆ, ಹೇಗೆ ಮರೆತುಬಿಡುತ್ತದೆ ಎಂಬುದನ್ನು ನೋಡಿದರೆ ಅದು ನಮಗೆ ಹೊಳೆಯುತ್ತದೆ. ಆ ನೋಟಕ್ಕೆ ನಿಮ್ಮನ್ನು ಕರೆಯುವುದೇ ಈ ಬರಹದ ಉದ್ದೇಶ.

ಹಿಂದುಳಿದ ನಾಡು ಹಿಂದೆ ಹಿಂದುಳಿದಿರಲಿಲ್ಲ

ನಮ್ಮ ಸೀಮೆಗೆ 'ಹಿಂದುಳಿದ' ಎಂಬ ವಿಶೇಷಣ ಎಷ್ಟು ಅಂಟಿಕೊಂಡಿದೆಯೆಂದರೆ ಅದು ಹುಟ್ಟಿನಿಂದಲೇ ಬಂದದ್ದು ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಇದು ತಪ್ಪು. ಕೊಪ್ಪಳದ ಗವಿಮಠದ ಬಳಿಯ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಜನರಿಲ್ಲದ ಕಾಡಿನಲ್ಲಿ ಯಾವ ರಾಜನೂ ಶಾಸನ ಕೆತ್ತಿಸುವುದಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ಪ್ರದೇಶವನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸಿದೆ. ಆ ಕೊಪಣವೇ ನಮ್ಮ ಕೊಪ್ಪಳ. ಅದು ಜೈನರ ದೊಡ್ಡ ತೀರ್ಥಕ್ಷೇತ್ರವಾಗಿತ್ತು. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯವನ್ನು ನೋಡಲು ಇಂದಿಗೂ ದೂರದೂರಿನವರು ಬರುತ್ತಾರೆ. ವಿಜಯನಗರಕ್ಕಿಂತ ಮೊದಲೇ ಹೆಸರು ಮಾಡಿದ್ದ ಆನೆಗೊಂದಿ ಗಂಗಾವತಿ ತಾಲ್ಲೂಕಿನದು. ಇರಕಲ್ಲಗಡದ ಹೆಸರಿನ ತುದಿಯಲ್ಲೇ ಕೋಟೆಯನ್ನು ಸೂಚಿಸುವ 'ಗಡ' ಇದೆ.

ಇಂಥ ನಾಡಿನ ಪಟ್ಟಣಗಳು ಸೊರಗಿದ್ದು ಹೇಗೆ? ಯುದ್ಧಗಳು ಒಂದು ಕಾರಣ. 1786ರಲ್ಲಿ ಟಿಪ್ಪು ಸುಲ್ತಾನರು ಕೊಪ್ಪಳದ ಕೋಟೆಯನ್ನು ಪಾಳೆಯಗಾರನಿಂದ ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದರು. 1790ರಲ್ಲಿ ಇಂಗ್ಲಿಷರ ಮತ್ತು ನಿಜಾಮರ ಸೇನೆಗಳು ಅದಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದವು. 1858ರಲ್ಲಿ ಮುಂಡರಗಿ ಭೀಮರಾಯ ಇದೇ ಕೋಟೆಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ ಮಡಿದ. ಕೋಟೆ ಇದ್ದ ಊರು ಪದೇ ಪದೇ ಪೆಟ್ಟು ತಿಂದಿತು.

ಇನ್ನೊಂದು ಕಾರಣ ಯುದ್ಧದಷ್ಟು ಸದ್ದು ಮಾಡದಿದ್ದರೂ ಹೆಚ್ಚು ಕಾಲ ನಿಂತಿತು. ಹೈದರಾಬಾದ್ ಸಂಸ್ಥಾನದಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸೀಮೆ ಸಾಲಾರ್‌ಜಂಗ್ ಮನೆತನದ ಜಹಗೀರಾಗಿತ್ತು. 1853ರಿಂದ 1883ರವರೆಗೆ ಸಂಸ್ಥಾನದ ಪ್ರಧಾನಿಯಾಗಿದ್ದ ಮೊದಲನೆಯ ಸಾಲಾರ್‌ಜಂಗ್ ದೊಡ್ಡ ಆಡಳಿತಗಾರರು. ಕಂದಾಯ, ನ್ಯಾಯ, ಶಿಕ್ಷಣ ವ್ಯವಸ್ಥೆಗಳನ್ನು ಸುಧಾರಿಸಿದ ಕೀರ್ತಿ ಅವರದು. ಆದರೆ ಜಹಗೀರಿನ ಪದ್ಧತಿಯೇ ಬೇರೆ. ಹೊಲದ ಉತ್ಪನ್ನದ ಒಂದು ಪಾಲು ಕಂದಾಯವಾಗಿ ರಾಜಧಾನಿಗೆ ಹೋಗುತ್ತಿತ್ತು. ನೀವು ಹೈದರಾಬಾದಿಗೆ ಹೋದಾಗ ಸಾಲಾರ್‌ಜಂಗ್ ಮ್ಯೂಸಿಯಂ ನೋಡಿರಬಹುದು. 1951ರಲ್ಲಿ ತೆರೆದ ಆ ಮ್ಯೂಸಿಯಂನಲ್ಲಿ ಅಮೃತಶಿಲೆಯ ಮುಸುಕಿನ ರೆಬೆಕ್ಕಾ ಪ್ರತಿಮೆ, ಗಂಟೆ ಬಾರಿಸುವ ಗಡಿಯಾರ, ಪರ್ಷಿಯಾದ ರತ್ನಗಂಬಳಿಗಳು ನಮ್ಮ ಕಣ್ಣನ್ನು ಸೆಳೆಯುತ್ತವೆ. ಆ ಮನೆತನದ ವರಮಾನದಲ್ಲಿ ನಮ್ಮ ಕೊಪ್ಪಳ ಸೀಮೆಯ ರೈತನ ಬೆವರಿನ ಪಾಲೂ ಇತ್ತು ಎಂಬುದನ್ನು ನಾವು ನೆನೆಯಬೇಕು. ರಾಜಧಾನಿಯಲ್ಲಿ ಅರಮನೆ, ಗ್ರಂಥಾಲಯ, ಸಂಗ್ರಹಾಲಯ ಎದ್ದವು. ಜಹಗೀರಿನ ಪಟ್ಟಣದಲ್ಲಿ ಸಂತೆ, ಕಚೇರಿ, ಠಾಣೆ ಉಳಿದವು. 1949ರಲ್ಲಿ ಜಹಗೀರುಗಳು ರದ್ದಾಗುವವರೆಗೂ ನಡೆದದ್ದು ಇದೇ.

ಇದರಲ್ಲಿ ಯಾರೊಬ್ಬರನ್ನು ದೂರುವುದಕ್ಕಿಂತ ಒಂದು ನಿಯಮವನ್ನು ಗುರುತಿಸುವುದು ಲೇಸು. ಹಳ್ಳಿಯ ದುಡಿಮೆ ಹತ್ತಿರದ ಪಟ್ಟಣದಲ್ಲಿ ನಿಂತು ಅಲ್ಲಿ ಉದ್ಯೋಗವಾಗಿ ಬದಲಾದರೆ ಸೀಮೆ ಬೆಳೆಯುತ್ತದೆ. ನಿಲ್ಲದೆ ದೂರದ ರಾಜಧಾನಿಗೆ ಹರಿದುಹೋದರೆ ಸೀಮೆ ಬಡವಾಗುತ್ತದೆ. ಹಿಂದೆ ಕಂದಾಯ ಹೀಗೆ ಹರಿದುಹೋಗುತ್ತಿತ್ತು. ಇಂದು ಜನರೇ ಹರಿದುಹೋಗುತ್ತಿದ್ದಾರೆ.

ಮೈಸೂರು ಸಂಸ್ಥಾನ ಹಿಡಿದ ದಾರಿ

ಈಗ ದಕ್ಷಿಣದ ಕಡೆ ತಿರುಗಿ. ಅಲ್ಲಿ ಮೈಸೂರು ಸಂಸ್ಥಾನ ಬೇರೆಯ ದಾರಿ ಹಿಡಿದಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಮೊದಲು ಕೋಲಾರದ ಚಿನ್ನದ ಗಣಿಗೆ ಹೋದ ಆ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳನ್ನು ಬೆಳಗಿತು. 1898ರ ಪ್ಲೇಗ್ ಮಹಾಮಾರಿ ಇಕ್ಕಟ್ಟಾದ ಓಣಿಗಳ ಅಪಾಯವನ್ನು ಕಲಿಸಿತ್ತು. 1903ರಲ್ಲಿ ಮೈಸೂರು ನಗರಕ್ಕೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು. ಅಗಲವಾದ ರಸ್ತೆ, ಚರಂಡಿ, ಹೊಸ ಬಡಾವಣೆ, ಗಾಳಿ ಬೆಳಕಿನ ಮನೆಗಳಿಗಾಗಿ ಕೆಲಸ ಮಾಡಿದ ಇಂಥ ಮಂಡಳಿ ಅಂದಿನ ಭಾರತದಲ್ಲಿ ಬಹಳ ಅಪರೂಪ. ಹೈದರಾಬಾದಿನಲ್ಲೂ 1908ರ ಮೂಸಿ ನದಿಯ ಪ್ರವಾಹದ ನಂತರ 1912ರಲ್ಲಿ ಇಂಥದೇ ಮಂಡಳಿ ಸ್ಥಾಪನೆಯಾಯಿತು. ಆದರೆ ಅದು ರಾಜಧಾನಿಗೆ ಸೀಮಿತವಾಗಿತ್ತು. ಮೈಸೂರಿನಲ್ಲಿ ಮಾತ್ರ ರಾಜಧಾನಿಯ ಆಚೆಗೂ ನೋಡುವ ಆಡಳಿತಗಾರರ ಸಾಲು ಮುಂದುವರಿಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಬ್ಯಾಂಕು, ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬುನಾದಿ ಹಾಕಿದರು. ಆ ಬುನಾದಿಯ ಮೇಲೆ ಹದಿನೈದು ವರ್ಷ ಗೋಡೆ ಎಬ್ಬಿಸಿದವರು ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರ ತಾತ ಆಗಾ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕಾಗಿ ಬಂದು ಇಲ್ಲೇ ನೆಲೆಸಿದವರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ. ಬಾಲಕ ಮಿರ್ಜಾ ಅಂದಿನ ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಒಂದೇ ಕೊಠಡಿಯಲ್ಲಿ ಪಾಠ ಕೇಳಿದರು, ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದರು. ಆಡಳಿತದ ಕೆಳಗಿನ ಮೆಟ್ಟಿಲುಗಳನ್ನು ಹತ್ತಿ, ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. 1941ರವರೆಗೂ ಆ ಹುದ್ದೆಯಲ್ಲಿದ್ದರು. ಹಿಂದೂ ಮಹಾರಾಜ ಮತ್ತು ಮುಸ್ಲಿಂ ದಿವಾನ, ಇಬ್ಬರೂ ಒಂದೇ ನೊಗಕ್ಕೆ ಹೆಗಲು ಕೊಟ್ಟ ಆ ಕಾಲವನ್ನು ಮೈಸೂರು ಮರೆತಿಲ್ಲ.

ಮಿರ್ಜಾ ಎಂದರೆ ಉದ್ಯಾನ, ಕಾರಂಜಿ, ವೃತ್ತ, ವಿದ್ಯುದ್ದೀಪ ಎಂದು ಹಲವರು ತಿಳಿದಿದ್ದಾರೆ. ಕೃಷ್ಣರಾಜಸಾಗರದ ಬೃಂದಾವನ ಅವರ ಕನಸಿನ ಕೂಸು. ಬೆಂಗಳೂರಿನ ಪುರಭವನ ಪೂರ್ಣಗೊಂಡದ್ದು ಅವರ ಕಾಲದಲ್ಲಿ, 1935ರಲ್ಲಿ. ದಿವಾನರು ಬೆಳಗ್ಗೆ ಎದ್ದು ಊರು ಸುತ್ತುತ್ತಿದ್ದರು, ಎಲ್ಲಿ ಕಸ ಇದೆ, ಎಲ್ಲಿ ಚರಂಡಿ ಕಟ್ಟಿದೆ ಎಂದು ಸ್ವತಃ ನೋಡಿ ಅಧಿಕಾರಿಗಳನ್ನು ಕೇಳುತ್ತಿದ್ದರು ಎಂಬ ಮಾತು ಬೆಂಗಳೂರಿನ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ಆದರೆ ಅಂದ ಅವರಿಗೆ ಅಲಂಕಾರ ಮಾತ್ರವಾಗಿರಲಿಲ್ಲ. ಊರು ಶುಚಿಯಾಗಿದ್ದರೆ, ನೀರು, ವಿದ್ಯುತ್ತು, ರಸ್ತೆ ಸರಿಯಾಗಿದ್ದರೆ ಬಂಡವಾಳ ಹೂಡುವವನು ಬರುತ್ತಾನೆ, ಓದಿದ ಯುವಕ ಊರಲ್ಲೇ ನಿಲ್ಲುತ್ತಾನೆ. ಈ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಂಡ್ಯದ ಕಥೆ

ಈ ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ಮಂಡ್ಯದ ಉದಾಹರಣೆಗಿಂತ ಉತ್ತಮವಾದದ್ದಿಲ್ಲ. ಇಂದು ಮಂಡ್ಯ ಎಂದರೆ ಹಸಿರು ಗದ್ದೆ, ಕಬ್ಬು, ಬೆಲ್ಲ. ನೂರು ವರ್ಷಗಳ ಹಿಂದೆ ಅದು ನಮ್ಮ ಯಲಬುರ್ಗಾ, ಕುಷ್ಟಗಿಯಂತೆಯೇ ಮಳೆಯನ್ನು ನಂಬಿದ ಒಣ ಸೀಮೆ, ರಾಗಿ ಬೆಳೆದು ಬದುಕುತ್ತಿದ್ದ ಊರು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನೀರನ್ನು ಅಲ್ಲಿಗೆ ಒಯ್ಯಲು ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗ ಮಾಡಲಾಯಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯಲ್ಲಿ ನೀರು ಹರಿಯಿತು. ನಾವೀಗ ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವುದು ಅದನ್ನೇ.

ನೀರು ಬಂತು, ಇನ್ನು ರೈತ ನೋಡಿಕೊಳ್ಳಲಿ ಎಂದು ಸರ್ಕಾರ ಕೈ ತೊಳೆದುಕೊಂಡಿದ್ದರೆ ಏನಾಗುತ್ತಿತ್ತು? ಬೆಳೆದ ಕಬ್ಬು ಬೇರೆ ಊರಿಗೆ ಹೋಗುತ್ತಿತ್ತು, ಲಾಭ ಮಧ್ಯವರ್ತಿಯ ಪಾಲಾಗುತ್ತಿತ್ತು. ಹಾಗಾಗಲಿಲ್ಲ. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕಬ್ಬಿನ ಬೆಳೆಗೂ ಸಕ್ಕರೆ ಕಾರ್ಖಾನೆಗೂ ಯೋಜನೆ ಹಾಕಿದರು, ದಿವಾನರು ಬೆನ್ನಿಗೆ ನಿಂತರು. ನಾಲೆಯ ನೀರು ಹರಿದ ಬೆನ್ನಲ್ಲೇ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸರ್ಕಾರದ ಜೊತೆ ರೈತರೂ ಅದರ ಷೇರುದಾರರಾದರು. ಕಾರ್ಖಾನೆ ಬಂದಾಗ ಅದರ ಜೊತೆ ಲೇತ್ ಕೆಲಸದವನು, ಗಾಡಿ ರಿಪೇರಿಯವನು, ಗುಮಾಸ್ತ, ಡಾಕ್ಟರು, ಮೇಷ್ಟ್ರು, ಹೋಟೆಲಿನವನು, ಬಟ್ಟೆ ಅಂಗಡಿಯವನು ಬಂದರು. ಹಳ್ಳಿಯ ಮಗ ಗುಳೆ ಹೋಗದೆ ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗಿ ಸಂಜೆ ಮನೆಗೆ ಬರುವಂತಾಯಿತು. 1939ರಲ್ಲಿ ಮಂಡ್ಯ ಜಿಲ್ಲಾ ಕೇಂದ್ರವೇ ಆಯಿತು. ನಾಲೆಯಿಂದ ಜಿಲ್ಲೆಯವರೆಗೆ ಹತ್ತು ವರ್ಷವೂ ಹಿಡಿಯಲಿಲ್ಲ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಇದೆಲ್ಲ ನಡೆದದ್ದು ಸುಭಿಕ್ಷದ ಕಾಲದಲ್ಲಿ ಅಲ್ಲ. 1929ರಿಂದ ಜಗತ್ತನ್ನೇ ಕಾಡಿದ ಆರ್ಥಿಕ ಮುಗ್ಗಟ್ಟಿನ ವರ್ಷಗಳವು. ಬೆಲೆಗಳು ಕುಸಿದಿದ್ದವು, ರೇಷ್ಮೆ ಬೆಳೆಗಾರ ಕಂಗಾಲಾಗಿದ್ದ. ಅಂಥ ವೇಳೆಯಲ್ಲೇ ಭದ್ರಾವತಿಗೆ ಕಾಗದದ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ ಬಂದವು, ಕಬ್ಬಿಣದ ಜೊತೆಗೆ ಉಕ್ಕೂ ಸೇರಿತು. ಬೆಳಗೊಳದಲ್ಲಿ ರಾಸಾಯನಿಕ ಗೊಬ್ಬರ, ಬೆಂಗಳೂರಿನಲ್ಲಿ ಪಿಂಗಾಣಿ ಮತ್ತು ವಿದ್ಯುತ್ ಬಲ್ಬು ತಯಾರಾಗತೊಡಗಿದವು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಮೈಸೂರು ಸರ್ಕಾರ ಭೂಮಿಯನ್ನೂ ಬಂಡವಾಳವನ್ನೂ ಕೊಟ್ಟು ಬೆಂಗಳೂರಿಗೆ ಕರೆತಂದಿತು. ಇಂದಿನ ಎಚ್‌ಎಎಲ್ ಹುಟ್ಟಿದ್ದು ಹಾಗೆ. ಬೆಂಗಳೂರು ತಂತ್ರಜ್ಞಾನದ ನಗರವಾದ ಕಥೆಯನ್ನು ಕಂಪ್ಯೂಟರಿನಿಂದ ಆರಂಭಿಸುವವರು ಈ ಐವತ್ತು ವರ್ಷಗಳ ಹಿಂದಿನ ಪುಟವನ್ನು ತಿರುವಿ ಹಾಕಬೇಕು.

ನೆರಳಿನ ಭಾಗ

ಇತಿಹಾಸ ಬರೆಯುವಾಗ ಹೊಗಳಿಕೆಯಷ್ಟೇ ಬರೆದರೆ ಅದು ಇತಿಹಾಸವಾಗುವುದಿಲ್ಲ. ಮಿರ್ಜಾ ಅವರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ, ಅವರ ಆಡಳಿತ ದೋಷವಿಲ್ಲದ್ದೂ ಅಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣಪತಿ ವಿಗ್ರಹದ ಸುತ್ತ ಗಲಭೆ ಎದ್ದಾಗ ದಿವಾನರ ಧರ್ಮವನ್ನೇ ಎತ್ತಿ ಆಡಿದವರಿದ್ದರು. ವಿಚಾರಣೆಗೆ ಸಮಿತಿಯನ್ನು ನೇಮಿಸಲಾಯಿತು, ಅದರ ಅಧ್ಯಕ್ಷರು ವಿಶ್ವೇಶ್ವರಯ್ಯನವರು. ಮಿರ್ಜಾ ಆ ಕಹಿಯನ್ನು ನುಂಗಿಕೊಂಡು ಕೆಲಸ ಮುಂದುವರಿಸಿದರು. ಆದರೆ ಜನರಿಗೆ ಕಾರ್ಖಾನೆ ಕೊಟ್ಟ ಸರ್ಕಾರ ಅಧಿಕಾರದಲ್ಲಿ ಪಾಲು ಕೊಡಲು ಹಿಂದೆಗೆಯಿತು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಆ ಕಲೆ ಮಿರ್ಜಾ ಆಡಳಿತದ ಮೇಲಿದೆ. ಬೀದಿಗೆ ದೀಪ ಹಾಕಿದ ಮಾತ್ರಕ್ಕೆ ಜನರ ಬಾಯಿಗೆ ಬೀಗ ಹಾಕುವ ಹಕ್ಕು ಯಾವ ಆಡಳಿತಕ್ಕೂ ಬರುವುದಿಲ್ಲ.

ಮೈಸೂರು ಬಿಟ್ಟ ನಂತರ ಅವರು 1942ರಿಂದ 1946ರವರೆಗೆ ಜಯಪುರದ ಪ್ರಧಾನಿಯಾಗಿದ್ದರು. ಕೋಟೆಗೋಡೆಯ ಆಚೆ ಆ ನಗರ ಬೆಳೆಯಲು ಅವರು ದಾರಿ ಮಾಡಿದರು. ಜಯಪುರದ ಮುಖ್ಯ ವ್ಯಾಪಾರ ರಸ್ತೆಗೆ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರು.

ಇಲ್ಲಿಂದ ಮುಂದಿನ ಪುಟ ನಮ್ಮದು. 1946ರ ಆಗಸ್ಟಿನಲ್ಲಿ ಮಿರ್ಜಾ ಹೈದರಾಬಾದ್ ಸಂಸ್ಥಾನದ ಪ್ರಧಾನಿಯಾಗಿ ಬಂದರು. ಅಂದರೆ ಮಂಡ್ಯವನ್ನು ಎಬ್ಬಿಸಿದ ವ್ಯಕ್ತಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿದ್ದ ಸಂಸ್ಥಾನದ ಚುಕ್ಕಾಣಿ ಹಿಡಿದರು. ತುಂಗಭದ್ರೆಗೆ ಅಣೆಕಟ್ಟು ಕಟ್ಟಲು 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದಿತ್ತು. ಎಡದಂಡೆಯ ನೀರು ಹರಿಯಬೇಕಾದದ್ದು ನಮ್ಮ ಹೊಲಗಳಿಗೇ. ನಾಲೆ, ಕಾರ್ಖಾನೆ, ಪಟ್ಟಣ ಎಂಬ ಮಂಡ್ಯದ ಸೂತ್ರ ಇಲ್ಲೂ ನಡೆಯಬಹುದಿತ್ತು. ಆದರೆ ಕಾಲ ಕೆಟ್ಟಿತ್ತು. ಮಾತುಕತೆ, ರಾಜಿಯ ದಾರಿಯನ್ನು ಬಯಸಿದ ಮಿರ್ಜಾರನ್ನು ಸಂಸ್ಥಾನದ ಉಗ್ರ ಗುಂಪುಗಳು ಸಹಿಸಲಿಲ್ಲ. 1947ರ ಮೇ ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಟರು. ಒಂದು ವರ್ಷವೂ ತುಂಬಿರಲಿಲ್ಲ. ಮೈಸೂರಿನಲ್ಲಿ ಸ್ವಂತ ಧರ್ಮದ ಕಾರಣಕ್ಕೆ ಟೀಕೆ ಕೇಳಿದವರು ಹೈದರಾಬಾದಿನಲ್ಲಿ ಸ್ವಧರ್ಮೀಯರಿಂದಲೇ ದೂಷಣೆಗೆ ಒಳಗಾದರು. ಮುಂದಿನ ವರ್ಷಗಳಲ್ಲಿ ಏನೇನಾಯಿತು ಎಂಬುದು ನಿಮಗೆ ಗೊತ್ತಿದೆ. ದ್ವೇಷದ ಮಾತು ಎದ್ದಲ್ಲಿ ಅಭಿವೃದ್ಧಿಯ ಮಾತು ಮೊದಲು ಸಾಯುತ್ತದೆ. ಇದನ್ನು ನಮ್ಮ ಸೀಮೆ ಕಲಿತದ್ದು ಬಹಳ ದುಬಾರಿ ಬೆಲೆ ತೆತ್ತು.

ನೀರು ಬಂದ ಊರು, ಬಾರದ ಊರು

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. 1956ರ ನವೆಂಬರ್ 1ರಂದು ನಾವು ವಿಶಾಲ ಮೈಸೂರಿಗೆ ಸೇರಿದೆವು. ಎಡದಂಡೆ ಕಾಲುವೆ ಹರಿದ ಗಂಗಾವತಿ, ಕಾರಟಗಿ ಭಾಗ ಭತ್ತದ ಕಣಜವಾಯಿತು. ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದರು. ಅಕ್ಕಿ ಗಿರಣಿಗಳು, ಗೊಬ್ಬರದ ಅಂಗಡಿಗಳು, ಅಡತಿ ವ್ಯಾಪಾರ, ಲಾರಿ ಸಾಗಣೆ ಬೆಳೆದು, ಗಂಗಾವತಿ ಜನಸಂಖ್ಯೆಯಲ್ಲಿ ಜಿಲ್ಲಾ ಕೇಂದ್ರವಾದ ಕೊಪ್ಪಳವನ್ನೇ ಮೀರಿಸಿತು. ನೀರು ಮತ್ತು ಗಿರಣಿ ಜೊತೆಯಾದಾಗ ಪಟ್ಟಣ ಬೆಳೆಯುತ್ತದೆ ಎಂಬುದಕ್ಕೆ ಮಂಡ್ಯಕ್ಕೆ ಹೋಗಬೇಕಾಗಿಲ್ಲ, ಗಂಗಾವತಿಯ ಗಿರಣಿಗಳ ಹೊಗೆಕೊಳವೆಗಳೇ ಸಾಕ್ಷಿ. ಆದರೆ ಒಂದೇ ಬೆಳೆಯನ್ನು, ಒಂದೇ ಕಾಲುವೆಯನ್ನು ನಂಬಿದ ಊರಿನ ಭಯವೂ ನಮಗೆ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಗಂಗಾವತಿಯ ರೈತನಷ್ಟೇ ಅಲ್ಲ, ಹಮಾಲನೂ ಲಾರಿ ಕ್ಲೀನರನೂ ನಿದ್ದೆ ಕಳೆದುಕೊಂಡರು.

ಇತ್ತ ಕಾಲುವೆ ತಲುಪದ ಕುಷ್ಟಗಿ, ಯಲಬುರ್ಗಾ ಸಜ್ಜೆ, ಜೋಳ, ಶೇಂಗಾ, ಕಡಲೆಯನ್ನು ಮಳೆಯ ದಯೆಯಲ್ಲಿ ಬೆಳೆಯುತ್ತ ಉಳಿದವು. ಬೆಳೆದದ್ದು ಚೀಲದಲ್ಲಿ ತುಂಬಿ ಹೊರಗೆ ಹೋಯಿತು, ಎಣ್ಣೆಯಾಗಿ, ಬೇಳೆಯಾಗಿ, ಪೊಟ್ಟಣವಾಗಿ ದುಪ್ಪಟ್ಟು ಬೆಲೆಗೆ ಹಿಂದಿರುಗಿತು. ಮುನಿರಾಬಾದಿನಲ್ಲಿ ಒಂದು ಕಾಲಕ್ಕೆ ಸಾಲಾರ್‌ಜಂಗ್ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು. ಅದೂ ಉಳಿಯಲಿಲ್ಲ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವು. ಆ ಪಟ್ಟಿಯಲ್ಲಿ ಕುಷ್ಟಗಿಯೂ ಯಲಬುರ್ಗಾವೂ ಇದ್ದವು. 2011ರ ಜನಗಣತಿಯಂತೆ ರಾಜ್ಯದಲ್ಲಿ ನೂರಕ್ಕೆ 38ಕ್ಕೂ ಹೆಚ್ಚು ಜನ ನಗರವಾಸಿಗಳು. ಕೊಪ್ಪಳ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 17 ಮಾತ್ರ. ಅದೇ ವೇಳೆಗೆ ಬೆಂಗಳೂರಿನ ಜನಸಂಖ್ಯೆ 80 ಲಕ್ಷ ದಾಟಿತ್ತು. ಒಂದು ಮರದ ಒಂದೇ ಕೊಂಬೆಗೆ ಎಲ್ಲ ನೀರೂ ಹೋದರೆ ಆ ಕೊಂಬೆಯೂ ಭಾರಕ್ಕೆ ಬಾಗುತ್ತದೆ, ಉಳಿದ ಕೊಂಬೆಗಳೂ ಒಣಗುತ್ತವೆ. ಬೆಂಗಳೂರಿನ ಟ್ರಾಫಿಕ್ಕೂ ಇರಕಲ್ಲಗಡದ ಗುಳೆಯೂ ಒಂದೇ ರೋಗದ ಎರಡು ಲಕ್ಷಣಗಳು.

ಇಂದು ಬಾಗಿಲಲ್ಲಿ ನಿಂತಿರುವುದು

ಹಾಗೆಂದು ನಿರಾಶರಾಗಬೇಕಿಲ್ಲ. 1997ರಲ್ಲಿ ನಮಗೆ ಪ್ರತ್ಯೇಕ ಜಿಲ್ಲೆ ಸಿಕ್ಕಿತು. ಸಂವಿಧಾನದ 371(ಜೆ) ವಿಧಿಯ ಮೂಲಕ ಶಿಕ್ಷಣ ಮತ್ತು ಉದ್ಯೋಗದಲ್ಲಿ ನಮ್ಮ ಭಾಗಕ್ಕೆ ಮೀಸಲಾತಿ, ಅಭಿವೃದ್ಧಿ ಮಂಡಳಿ ಬಂದವು. 2015ರಲ್ಲಿ ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. 2019ರಲ್ಲಿ ಗಂಗಾವತಿಗೆ ರೈಲು ಬಂತು. 2025ರ ಮೇ ತಿಂಗಳಲ್ಲಿ ತಳಕಲ್‌ನಿಂದ ಕುಕನೂರು, ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಗೆ ಮೊದಲ ರೈಲು ಓಡಿದಾಗ ಜನ ಹಬ್ಬದಂತೆ ಹಳಿಯ ಪಕ್ಕ ನಿಂತಿದ್ದರು. ಆದರೆ ರೈಲು ಎರಡೂ ಕಡೆ ಓಡುತ್ತದೆ ಎಂಬುದು ನೆನಪಿರಲಿ. ಪಟ್ಟಣದಲ್ಲಿ ಕೆಲಸ ಇದ್ದರೆ ಅದು ಮಾಲು ಒಯ್ಯುತ್ತದೆ, ಇಲ್ಲದಿದ್ದರೆ ಗುಳೆಯವರನ್ನು ಇನ್ನೂ ಬೇಗ ಒಯ್ಯುತ್ತದೆ.

ಕೆಲಸ ಹುಟ್ಟಿಸುವ ಬೀಜಗಳು ನಮ್ಮಲ್ಲಿ ಇಲ್ಲವೆಂದಲ್ಲ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿ ಬಣ್ಣ ತುಂಬುವ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕುಕನೂರು ಬಳಿಯ ಭಾನಾಪುರದಲ್ಲಿ 2021ರಲ್ಲಿ ಆಟಿಕೆ ಕೈಗಾರಿಕಾ ವಲಯಕ್ಕೆ ಅಡಿಗಲ್ಲು ಬಿತ್ತು. ಹಳೆಯ ಗೊಂಬೆಯ ಕೈಚಳಕವೂ ಹೊಸ ಆಟಿಕೆಯ ಯಂತ್ರವೂ ಒಂದೇ ಜಿಲ್ಲೆಯಲ್ಲಿವೆ. ಅವೆರಡೂ ಪರಸ್ಪರ ಮಾತನಾಡುವಂತೆ ಮಾಡುವ ವಿನ್ಯಾಸ ಶಾಲೆ, ತರಬೇತಿ ಕೇಂದ್ರ ಬೇಕು. ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ನೇಕಾರಿಕೆ ಇದೆ, ಕೂದಲು ಸಂಸ್ಕರಣೆಯ ಉದ್ಯಮ ಇದೆ. ಯಲಬುರ್ಗಾ, ಕುಷ್ಟಗಿಯ ಶೇಂಗಾ ಮತ್ತು ಕಡಲೆಗೆ ಎಣ್ಣೆ ಗಾಣ, ಬೇಳೆ ಗಿರಣಿ, ಶೀತಲಗೃಹ ಬಂದರೆ ಹೊಲದ ಬೆಲೆ ಪಟ್ಟಣದಲ್ಲೇ ನಿಲ್ಲುತ್ತದೆ.

ಎಲ್ಲ ಕಾರ್ಖಾನೆಯೂ ವರವೇ? ಇದನ್ನೂ ಕೇಳಿಕೊಳ್ಳಬೇಕು. ಗಿಣಿಗೇರಾ ಸುತ್ತಲಿನ ಉಕ್ಕು, ಕಬ್ಬಿಣದ ಘಟಕಗಳು ಸಾವಿರಾರು ಜನರಿಗೆ ಅನ್ನ ಕೊಟ್ಟಿವೆ, ಜೊತೆಗೆ ಧೂಳನ್ನೂ ಕೊಟ್ಟಿವೆ. 2025ರ ಫೆಬ್ರುವರಿಯಲ್ಲಿ ಊರಿನ ಪಕ್ಕದಲ್ಲೇ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಇಡೀ ಕೊಪ್ಪಳ ಬಂದ್ ಆಚರಿಸಿತು. ಗವಿಮಠದ ಸ್ವಾಮೀಜಿಯವರ ಜೊತೆ ಎಲ್ಲ ಧರ್ಮದವರೂ ಬೀದಿಗಿಳಿದರು. ಉದ್ಯೋಗವೂ ಬೇಕು, ಉಸಿರೂ ಬೇಕು ಎಂಬ ಆ ಜನರ ಮಾತಿನಲ್ಲಿ ತಪ್ಪಿಲ್ಲ. ಕಾರ್ಖಾನೆಯ ಜಾಗವನ್ನು, ಸ್ವರೂಪವನ್ನು ನಿರ್ಧರಿಸುವಾಗ ಊರಿನವರನ್ನು ಕೇಳಬೇಕು ಎಂಬುದೇ ಅದರ ಅರ್ಥ. ಮಿರ್ಜಾ ಕಾಲದ ಆಡಳಿತ ಕಲಿಯದೆ ಹೋದ ಪಾಠ ಇದು.

ಇನ್ನೊಂದು ಎಚ್ಚರಿಕೆಯೂ ಮೈಸೂರಿನಿಂದಲೇ ಬರುತ್ತದೆ. ಭದ್ರಾವತಿಯ ಕಾಗದದ ಕಾರ್ಖಾನೆ ಇಂದು ಮುಚ್ಚಿದೆ. ಮಂಡ್ಯದ ಸಕ್ಕರೆ ಕಾರ್ಖಾನೆ ವರ್ಷಗಳ ಕಾಲ ನಿಂತು, ರೈತರ ಹೋರಾಟದ ನಂತರ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಕಟ್ಟುವುದು ಒಂದು ಪೀಳಿಗೆಯ ಕೆಲಸವಾದರೆ ಯಂತ್ರ ಹೊಸದು ಮಾಡಿ, ಲೆಕ್ಕ ಶುದ್ಧವಾಗಿಟ್ಟು ಉಳಿಸಿಕೊಳ್ಳುವುದು ಮುಂದಿನ ಪೀಳಿಗೆಯ ಕೆಲಸ.

ವಿದ್ಯಾರ್ಥಿಗಳಿಗೆ ಒಂದು ಮಾತು

'ಇದೆಲ್ಲ ಮಂತ್ರಿಗಳ, ಅಧಿಕಾರಿಗಳ ಕೆಲಸ, ನಾವೇನು ಮಾಡಬೇಕು?' ಎಂದು ನೀವು ಕೇಳಬಹುದು. ನಮ್ಮ ಸಮಾಜದ ಬಹಳ ಮನೆಗಳು ಪಟ್ಟಣದ ಕಸುಬಿನಿಂದಲೇ ಬದುಕುತ್ತವೆ. ಗ್ಯಾರೇಜು, ವೆಲ್ಡಿಂಗ್, ಹೊಲಿಗೆ, ಹಣ್ಣಿನ ವ್ಯಾಪಾರ, ಬಡಗಿತನ, ಗುಜರಿ, ಟಂಟಂ ಓಡಿಸುವುದು. ಪಟ್ಟಣ ಎದ್ದರೆ ಮೊದಲು ಏಳುವವರು ನಾವು, ಬಿದ್ದರೆ ಮೊದಲು ಬೀಳುವವರೂ ನಾವೇ. ಆದ್ದರಿಂದ ಐಟಿಐ, ಡಿಪ್ಲೊಮಾ ಓದುವ ಹುಡುಗನನ್ನು ಕೀಳಾಗಿ ನೋಡಬೇಡಿ. ಹೆಣ್ಣುಮಕ್ಕಳನ್ನು ಹತ್ತನೆಯ ತರಗತಿಗೆ ನಿಲ್ಲಿಸಬೇಡಿ. ತಂದೆಯ ಕಸುಬನ್ನು ಬಿಡಬೇಕಿಲ್ಲ, ಅದಕ್ಕೆ ಓದನ್ನು ಸೇರಿಸಬೇಕು. ಲೆಕ್ಕಪತ್ರ ಬಲ್ಲ ದರ್ಜಿ, ಅಳತೆಯ ನಕ್ಷೆ ಓದಬಲ್ಲ ಬಡಗಿ, ಬ್ಯಾಂಕಿನ ಸಾಲದ ನಿಯಮ ತಿಳಿದ ವ್ಯಾಪಾರಿ, ಇಂಥವರು ಹತ್ತು ಜನ ಒಂದು ಓಣಿಯಲ್ಲಿದ್ದರೆ ಆ ಓಣಿಗೆ ಬೇರೆಯವರು ಕೆಲಸ ಕೇಳಿಕೊಂಡು ಬರುತ್ತಾರೆ.

ನಗರಸಭೆ, ಪುರಸಭೆಯ ಸಭೆ ಯಾವಾಗ, ಬಜೆಟ್ಟಿನಲ್ಲಿ ನಮ್ಮ ವಾರ್ಡಿಗೆ ಎಷ್ಟು ಎಂಬುದನ್ನು ಕಾಲೇಜು ಓದುವ ನೀವು ಕೇಳಿ ತಿಳಿಯಿರಿ. ನಮ್ಮ ಮನೆಯ ಕಸವನ್ನು ನಾವೇ ಚರಂಡಿಗೆ ಹಾಕದಿರುವುದು ಕೂಡ ಪಟ್ಟಣ ಕಟ್ಟುವ ಕೆಲಸವೇ. ದಿವಾನರೇ ಚರಂಡಿ ನೋಡಲು ಬರುತ್ತಿದ್ದರೆಂದರೆ ಆ ಕೆಲಸ ಯಾರಿಗೂ ಸಣ್ಣದಲ್ಲ.

1959ರ ಜನವರಿಯಲ್ಲಿ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಅವರು ನಮ್ಮ ಸಂಸ್ಥಾನದಲ್ಲಿ ಆರಂಭಿಸಲಾಗದೆ ಹೋದ ಕೆಲಸ ಇನ್ನೂ ಹಾಗೆಯೇ ಬಿದ್ದಿದೆ. ಅದನ್ನು ಮಾಡಲು ಹೊರಗಿನಿಂದ ಮತ್ತೊಬ್ಬ ದಿವಾನರು ಬರುವುದಿಲ್ಲ. ಇರಕಲ್ಲಗಡದಲ್ಲಿ ಮುಂಜಾನೆ ಬಸ್ಸಿಗೆ ಕಾಯುವ ಜನ ಕೊಪ್ಪಳಕ್ಕೋ ಕುಷ್ಟಗಿಗೋ ಕೆಲಸಕ್ಕೆ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ಮನೆಗೆ ಮರಳುವಂತಾಗಲಿ, ಅವರ ಮಕ್ಕಳ ಹೆಸರಿನ ಮುಂದೆ ವರ್ಷವಿಡೀ ಹಾಜರಿ ಬೀಳಲಿ. ಆ ದಿನವನ್ನು ತರುವವರಲ್ಲಿ ಈ ಪುಟ ಓದುತ್ತಿರುವ ನೀವೂ ಇರಬೇಕೆಂಬುದು ನಮ್ಮ ಹಾರೈಕೆ.